ಲ್ಯುಕೇಮಿಯಾದ ಜೀನ್ ವರದಿ ಬಂದಿದೆ, ಮುಂದೇನು?

ಎನ್‌ಪಿಎಂ1: ಮ್ಯುಟೇಶನ್ ಇದೆ, ಶೇ 41. ಡಿಎನ್‌ಎಂಟಿ3ಎ: ಮ್ಯುಟೇಶನ್ ಇದೆ, ಶೇ 44. ಎಫ್‌ಎಲ್‌ಟಿ3-ಐಟಿಡಿ: ಪಾಸಿಟಿವ್, ಸೇರ್ಪಡೆಯ ಉದ್ದ 54 ಅಕ್ಷರ. ಕ್ರೋಮೋಸೋಮ್: 46, ಸಹಜ.

ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಎಎಂಎಲ್ ಎಂಬ ರಕ್ತ ಕ್ಯಾನ್ಸರ್ ಪತ್ತೆಯಾದವರಿಗೆ ಇಂದು ಪ್ರಯೋಗಾಲಯದಿಂದ ಬರುವ ವರದಿಯ ತಿರುಳು ಹೀಗಿರುತ್ತದೆ. ಇದು ಯಾವೊಬ್ಬ ರೋಗಿಯದೂ ಅಲ್ಲ, ವಿವರಣೆಗೆಂದು ಜೋಡಿಸಿಕೊಂಡದ್ದು. ಮ್ಯುಟೇಶನ್ ಎಂದರೆ ಜೀನಿನ ಬರಹದಲ್ಲಿ ಆದ ಬದಲಾವಣೆ, ಅಕ್ಷರ ಎಂದರೆ ಆ ಡಿಎನ್‌ಎ ಬರಹದ ಒಂದು ಘಟಕ. ಆದರೆ ಈ ಮೂರು ಜೀನ್‌ಗಳು ಒಟ್ಟೊಟ್ಟಿಗೆ ಕೆಡುವುದು ಈ ಕಾಯಿಲೆಯಲ್ಲಿ ಅಪರೂಪವೇನಲ್ಲ.

ವರದಿ ಕೈಗೆ ಬಂದ ದಿನ ಮನೆಯವರ ಮೊದಲ ಪ್ರಶ್ನೆ ‘ಇದಕ್ಕೆ ಮಾತ್ರೆ ಇದೆಯೇ?’ ಎಂಬುದು. ಅವರನ್ನು ದೂರುವಂತಿಲ್ಲ. ಪತ್ರಿಕೆಗಳೂ ಜಾಹೀರಾತುಗಳೂ ಜೀನ್ ಪರೀಕ್ಷೆಯನ್ನು ಪರಿಚಯಿಸಿರುವುದೇ ಹಾಗೆ: ಕೆಟ್ಟ ಜೀನ್ ಹುಡುಕು, ಅದಕ್ಕೆ ತಕ್ಕ ಮದ್ದು ಕೊಡು. ಎಎಂಎಲ್ ಮಟ್ಟಿಗೆ ಈ ಮಾತು ಅರ್ಧ ಸತ್ಯ. ಮದ್ದಿನ ಹೆಸರಿಗಿಂತ ದೊಡ್ಡ ಪ್ರಶ್ನೆಗಳನ್ನು ಈ ವರದಿ ಬಿಡಿಸುತ್ತದೆ. ಮಜ್ಜೆಯ ಕಸಿ ಬೇಕೇ ಬೇಡವೇ? ಚಿಕಿತ್ಸೆ ಶುರುಮಾಡಲು ನಾಲ್ಕು ದಿನ ಕಾಯಬಹುದೇ? ಒಡಹುಟ್ಟಿದವರ ಮಜ್ಜೆಯನ್ನು ನಂಬಬಹುದೇ? ಕಾಯಿಲೆ ನಿಜವಾಗಿ ಹೋಗಿದೆಯೇ, ಅಡಗಿ ಕುಳಿತಿದೆಯೇ?

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟಿ, ಬಲಿತು, ರಕ್ತಕ್ಕೆ ಇಳಿಯುತ್ತವೆ. ಎಎಂಎಲ್‌ನಲ್ಲಿ ಬಲಿಯುವುದು ನಿಲ್ಲುತ್ತದೆ, ಹುಟ್ಟುವುದು ನಿಲ್ಲುವುದಿಲ್ಲ. ಬ್ಲಾಸ್ಟ್ ಎಂದು ಕರೆಯುವ ಎಳೆಯ ಕಣಗಳು ಮಜ್ಜೆಯನ್ನು ತುಂಬಿಕೊಂಡು ಉಳಿದವುಗಳಿಗೆ ಜಾಗವೇ ಇಲ್ಲದಂತೆ ಮಾಡುತ್ತವೆ. ಕೆಂಪುಕಣ ಇಳಿದು ಸುಸ್ತು, ಪ್ಲೇಟ್‌ಲೆಟ್ ಇಳಿದು ವಸಡಿನಲ್ಲಿ ರಕ್ತ, ಕೆಲಸಕ್ಕೆ ಬರುವ ಬಿಳಿಕಣ ಇಲ್ಲದೆ ಬಿಡದ ಜ್ವರ. ‘ಅಕ್ಯೂಟ್’ ಎಂದರೆ ವಾರಗಳ ಲೆಕ್ಕ, ವರ್ಷಗಳದ್ದಲ್ಲ.

1976ರಲ್ಲಿ ಫ್ರಾನ್ಸ್, ಅಮೆರಿಕ ಮತ್ತು ಬ್ರಿಟನ್‌ನ ತಜ್ಞರು ಸೇರಿ, ಸೂಕ್ಷ್ಮದರ್ಶಕದಲ್ಲಿ ಕಣಗಳು ಹೇಗೆ ಕಾಣುತ್ತವೆ ಎಂಬುದರ ಮೇಲೆ ಈ ಕಾಯಿಲೆಯನ್ನು ಎಂ1, ಎಂ2, ಎಂ3 ಎಂದು ವಿಂಗಡಿಸಿದರು. ಹಳೆಯ ಕಡತಗಳಲ್ಲಿ ಈ ಸಂಕೇತಗಳು ಇನ್ನೂ ಕಾಣುತ್ತವೆ. ಹೆಸರು ಬೇರೆ ಬೇರೆಯಾದರೂ ಚಿಕಿತ್ಸೆ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಆಗಿತ್ತು: 7 ದಿನ ಸೈಟರಾಬಿನ್, 3 ದಿನ ಡೌನೋರುಬಿಸಿನ್. 1973ರಲ್ಲಿ ಪ್ರಕಟವಾದ ಈ ‘7+3’ ಕೀಮೋಥೆರಪಿಯನ್ನು ತಡೆದುಕೊಳ್ಳಬಲ್ಲವರಿಗೆ ಇಂದಿಗೂ ಅದೇ ಬುನಾದಿ. ಕೆಲವರು ಗುಣವಾಗುತ್ತಿದ್ದರು, ಹಲವರಿಗೆ ಕಾಯಿಲೆ ಮರುಕಳಿಸುತ್ತಿತ್ತು. ಯಾರಿಗೆ ಏಕೆ ಹಾಗಾಯಿತು ಎಂಬುದಕ್ಕೆ ಸೂಕ್ಷ್ಮದರ್ಶಕದಲ್ಲಿ ಉತ್ತರವಿರಲಿಲ್ಲ.

ಒಂದು ಜೀನ್, ಒಂದು ಮಾತ್ರೆ ಎಂಬ ಕನಸು ಹುಟ್ಟಿದ್ದು ಇನ್ನೊಂದು ರಕ್ತ ಕ್ಯಾನ್ಸರ್‌ನಿಂದ, ನಿಧಾನವಾಗಿ ಬೆಳೆಯುವ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್‌ನಿಂದ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳಲ್ಲಿ ಒಂದು ಗಿಡ್ಡ ಕ್ರೋಮೋಸೋಮ್ ಕಂಡರು. 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ, 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಪರಸ್ಪರ ಜಾಗ ಬದಲಿಸಿಕೊಂಡಿರುವುದನ್ನು ತೋರಿಸಿದರು. ಆ ಬೆಸುಗೆಯಿಂದ ಹುಟ್ಟುವ ಪ್ರೋಟೀನನ್ನು ಕಟ್ಟಿಹಾಕುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಾರಕವಾಗಿದ್ದ ಕಾಯಿಲೆ ದಿನಕ್ಕೊಂದು ಮಾತ್ರೆಯಲ್ಲಿ ಹತೋಟಿಗೆ ಬಂತು. ಭಾರತದಲ್ಲಿ ಇದರ ಹೊಸ ರೂಪದ ಮೇಲಿನ ಪೇಟೆಂಟ್ ಕೋರಿಕೆಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ಅಗ್ಗದ ಮಾತ್ರೆಗಳು ಮಾರುಕಟ್ಟೆಯಲ್ಲಿ ಉಳಿದವು.

ಎಎಂಎಲ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. 2008ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಟಿಮೊಥಿ ಲೇ ಮತ್ತು ಸಂಗಡಿಗರು ಎಎಂಎಲ್ ಇದ್ದ ಒಬ್ಬ ಮಹಿಳೆಯ ಕ್ಯಾನ್ಸರ್ ಕಣಗಳ ಇಡೀ ಡಿಎನ್‌ಎಯನ್ನು ಓದಿದರು. ಹೀಗೆ ಪೂರ್ತಿಯಾಗಿ ಓದಲಾದ ಮೊದಲ ಕ್ಯಾನ್ಸರ್ ಅದು. ಕ್ರೋಮೋಸೋಮ್ ಪರೀಕ್ಷೆಯಲ್ಲಿ ಎಲ್ಲ ಸಹಜವೆಂದು ಕಂಡಿದ್ದ ಆಕೆಯ ಕಣಗಳಲ್ಲಿ 10 ಜೀನ್‌ಗಳು ಕೆಟ್ಟಿದ್ದವು. ಎರಡು ಮೊದಲೇ ಗೊತ್ತಿದ್ದವು, ಎನ್‌ಪಿಎಂ1 ಮತ್ತು ಎಫ್‌ಎಲ್‌ಟಿ3. ಇನ್ನೂ ಆಳವಾಗಿ ಮತ್ತೆ ಓದಿದಾಗ, ಮೊದಲ ಸಲ ಕಣ್ಣಿಗೆ ಬೀಳದೇ ಹೋಗಿದ್ದ ಡಿಎನ್‌ಎಂಟಿ3ಎ ಸಿಕ್ಕಿತು. ಅದು 2010ರಲ್ಲಿ ಪ್ರಕಟವಾಯಿತು. ಮೇಲಿನ ವರದಿಯಲ್ಲಿರುವುದೂ ಇದೇ ಮೂರು.

2013ರಲ್ಲಿ 200 ರೋಗಿಗಳನ್ನು ಹೀಗೆ ಓದಿದಾಗ ಒಬ್ಬೊಬ್ಬರಲ್ಲಿ ಸರಾಸರಿ 13 ಜೀನ್ ಬದಲಾವಣೆಗಳು ಕಂಡವು. ಅವುಗಳಲ್ಲಿ ಐದರಷ್ಟು ಮಾತ್ರ ಬೇರೆ ಬೇರೆ ರೋಗಿಗಳಲ್ಲಿ ಮತ್ತೆ ಮತ್ತೆ ಕೆಡುವ ಜೀನ್‌ಗಳು. 2016ರಲ್ಲಿ 1,540 ರೋಗಿಗಳ ಅಧ್ಯಯನ ಎಎಂಎಲ್ ಎಂಬ ಒಂದು ಹೆಸರಿನಡಿ 11 ಬಗೆಯ ಕಾಯಿಲೆಗಳಿವೆ ಎಂದಿತು. ಒಂದೇ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿ ಒಂದೇ ಬಾಟಲಿಯ ಔಷಧ ಹರಿಸಿಕೊಳ್ಳುತ್ತಿರುವ ಇಬ್ಬರಿಗೆ ಬೇರೆ ಬೇರೆ ಕಾಯಿಲೆ ಇರಬಹುದು.

ಇನ್ನು ವರದಿಗೆ ಬರೋಣ. ಅದರ ಗುಣಮಟ್ಟ ನಿರ್ಧಾರವಾಗುವುದು ಪ್ರಯೋಗಾಲಯದಲ್ಲಿ ಅಲ್ಲ, ಸೊಂಟದ ಮೂಳೆಗೆ ಸೂಜಿ ಇಳಿದ ಆ ಕೆಲವು ಸೆಕೆಂಡುಗಳಲ್ಲಿ. ಮೊದಲು ಎಳೆದ ಒಂದೆರಡು ಮಿಲಿಲೀಟರ್ ಮಜ್ಜೆ ಗಟ್ಟಿಯಾಗಿರುತ್ತದೆ. ಮತ್ತೆ ಮತ್ತೆ ಎಳೆದಂತೆ ಸುತ್ತಲಿನ ರಕ್ತ ಬೆರೆತು ತೆಳುವಾಗುತ್ತದೆ. ಮೂಲೆಯಲ್ಲಿ ಉಳಿದ ಕ್ಯಾನ್ಸರ್ ಕಣ ಹುಡುಕುವ ಸೂಕ್ಷ್ಮ ಪರೀಕ್ಷೆಗೆ ಆ ಮೊದಲ ಎಳೆತದ್ದೇ ಹೋಗಬೇಕು. ಡಿಎನ್‌ಎ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ನಳಿಕೆ, ಕ್ರೋಮೋಸೋಮ್ ಪರೀಕ್ಷೆಗೆ ಹಸಿರು ಮುಚ್ಚಳದ ಹೆಪಾರಿನ್ ನಳಿಕೆ. ಎರಡನೆಯದರಲ್ಲಿ ಕಣಗಳು ಜೀವಂತವಾಗಿ ತಲುಪಿ, ಪ್ರಯೋಗಾಲಯದಲ್ಲಿ ವಿಭಜನೆಯಾಗಬೇಕು. ಶನಿವಾರ ಸಂಜೆ ತೆಗೆದ ಮಾದರಿ ಸೋಮವಾರದವರೆಗೆ ಕೊರಿಯರ್ ಕಚೇರಿಯಲ್ಲಿ ಕುಳಿತರೆ ಎಷ್ಟು ದೊಡ್ಡ ಯಂತ್ರವಿದ್ದೂ ಫಲವಿಲ್ಲ.

ಶೇ 41 ಎಂದರೆ ಏನು? ಇದು ಕಾಯಿಲೆಯ ತೀವ್ರತೆಯಲ್ಲ. ಹಲವರು ಹಾಗೆ ತಿಳಿದು ಗಾಬರಿಯಾಗುತ್ತಾರೆ. ಯಂತ್ರ ಆ ಜೀನಿನ ಸಾವಿರಾರು ಪ್ರತಿಗಳನ್ನು ಓದಿತು, ಅವುಗಳಲ್ಲಿ ನೂರಕ್ಕೆ 41ರಲ್ಲಿ ಬದಲಾವಣೆ ಕಂಡಿತು ಎಂದಷ್ಟೇ ಅರ್ಥ. ಪ್ರತಿ ಕಣದಲ್ಲಿ ಜೀನಿನ ಎರಡು ಪ್ರತಿಗಳಿರುತ್ತವೆ, ಸಾಮಾನ್ಯವಾಗಿ ಒಂದು ಕೆಟ್ಟಿರುತ್ತದೆ. ಹಾಗಾಗಿ ಶೇ 41 ಎಂದರೆ ಮಾದರಿಯ ಸುಮಾರು ಶೇ 82 ಕಣಗಳಲ್ಲಿ ಈ ದೋಷವಿದೆ. ಶೇ 5 ಎಂದಿದ್ದರೆ ಅದು ಒಂದು ಸಣ್ಣ ಗುಂಪಿನದು, ಬಹುಶಃ ತಡವಾಗಿ ಹುಟ್ಟಿದ್ದು. ಶೇ 50ರ ಆಸುಪಾಸಿನಲ್ಲಿದ್ದರೆ ಇನ್ನೊಂದು ಅನುಮಾನಕ್ಕೂ ಜಾಗವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎನ್‌ಪಿಎಂ1 ನನಗೆ ಇಡೀ ವರದಿಯಲ್ಲಿ ಅತ್ಯಂತ ಸ್ವಾರಸ್ಯಕರ ಸಾಲು. ವಯಸ್ಕರ ಎಎಂಎಲ್‌ನಲ್ಲಿ ಸುಮಾರು ಮೂರನೇ ಒಂದು ಭಾಗದವರಲ್ಲಿ ಇದು ಕಾಣುತ್ತದೆ. 2005ರಲ್ಲಿ ಇಟಲಿಯ ಪೆರುಜಿಯಾದ ಬ್ರೂನಾಂಜೆಲೊ ಫಲಿನಿ ಇದನ್ನು ಹಿಡಿದದ್ದು ಡಿಎನ್‌ಎ ಓದಿ ಅಲ್ಲ, ಬಣ್ಣ ನೋಡಿ. ನ್ಯೂಕ್ಲಿಯೋಫಾಸ್ಮಿನ್ ಎಂಬ ಪ್ರೋಟೀನು ಕಣದ ಬೀಜಕೇಂದ್ರದೊಳಗೆ ಇರಬೇಕು. ಕೆಲವು ರೋಗಿಗಳಲ್ಲಿ ಅದು ಹೊರಗೆ, ಕಣರಸದಲ್ಲಿ ಹರಡಿಕೊಂಡಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಜೀನಿನ ತುದಿಯಲ್ಲಿ ಹೆಚ್ಚುವರಿಯಾಗಿ ಸೇರಿಕೊಂಡ ನಾಲ್ಕು ಅಕ್ಷರಗಳು. ಹೆಚ್ಚಿನವರಲ್ಲಿ ಅವು ಟಿ, ಸಿ, ಟಿ, ಜಿ. ಡಿಎನ್‌ಎಯನ್ನು ಕಣ ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ನಾಲ್ಕು ಸೇರಿದರೆ ಮುಂದಿನ ಓದೆಲ್ಲ ಜಾರುತ್ತದೆ. ಪ್ರೋಟೀನಿನ ಬಾಲ ಬದಲಾಗಿ, ಬೀಜಕೇಂದ್ರದಲ್ಲಿ ಅದನ್ನು ಹಿಡಿದಿಡುತ್ತಿದ್ದ ಕೊಂಡಿ ಹೋಗಿ, ಹೊರಗೆಳೆಯುವ ಸಂಕೇತ ಹುಟ್ಟಿಕೊಳ್ಳುತ್ತದೆ.

ಈ ದೋಷ ಒಂಟಿಯಾಗಿದ್ದರೆ ಕೀಮೋಥೆರಪಿಗೆ ಚೆನ್ನಾಗಿ ಬಗ್ಗುವ ಕಾಯಿಲೆ ಎಂದು ಲೆಕ್ಕ. ಅದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಆರೋಗ್ಯವಂತರ ರಕ್ತದಲ್ಲಿ ಈ ನಾಲ್ಕು ಅಕ್ಷರಗಳ ಸೇರ್ಪಡೆ ಇರುವುದಿಲ್ಲ. ಆದ್ದರಿಂದ ಚಿಕಿತ್ಸೆಯ ನಂತರ ಲಕ್ಷ ಕಣಗಳ ನಡುವೆ ಒಂದು ಕ್ಯಾನ್ಸರ್ ಕಣ ಉಳಿದಿದ್ದರೂ, ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ನೋಡುವ ಪಿಸಿಆರ್ ಪರೀಕ್ಷೆಯಿಂದ ಹುಡುಕಬಹುದು. ಬ್ರಿಟನ್ನಿನ ಅಧ್ಯಯನವೊಂದು 2016ರಲ್ಲಿ ಹೇಳಿದ್ದು ಇದು: ಎರಡನೇ ಸುತ್ತಿನ ಕೀಮೋ ಮುಗಿದ ಮೇಲೆ ರಕ್ತದಲ್ಲಿ ಈ ಗುರುತು ಇನ್ನೂ ಸಿಕ್ಕವರಲ್ಲಿ ಮೂರು ವರ್ಷದೊಳಗೆ ಶೇ 82 ಮಂದಿಗೆ ಕಾಯಿಲೆ ಮರುಕಳಿಸಿತು, ಸಿಗದವರಲ್ಲಿ ಶೇ 30 ಮಂದಿಗೆ. ಮೂರು ವರ್ಷ ಬದುಕಿದವರು ಕ್ರಮವಾಗಿ ಶೇ 24 ಮತ್ತು ಶೇ 75. ಸೂಕ್ಷ್ಮದರ್ಶಕದ ಕೆಳಗೆ ಇವರೆಲ್ಲರ ಮಜ್ಜೆಯೂ ‘ಕಾಯಿಲೆ ಇಲ್ಲ’ ಎನ್ನುವಂತೆಯೇ ಕಾಣಬಹುದು.

ಮುಂದಿನ ಸಾಲು ಎಫ್‌ಎಲ್‌ಟಿ3. ಇದು ಕಣದ ಮೇಲ್ಮೈಯಲ್ಲಿರುವ ಒಂದು ಗ್ರಾಹಕ. ಹೊರಗಿನಿಂದ ಸೂಚನೆ ಬಂದಾಗ ಮಾತ್ರ ‘ಬೆಳೆ’ ಎಂದು ಒಳಗೆ ತಿಳಿಸಬೇಕಾದದ್ದು. ಐಟಿಡಿ ಎಂಬ ದೋಷದಲ್ಲಿ ಜೀನಿನ ಒಂದು ತುಂಡು ಎರಡು ಬಾರಿ ಬರೆಯಲ್ಪಟ್ಟು, ಸೂಚನೆ ಇಲ್ಲದೆಯೂ ಗ್ರಾಹಕ ಸದಾ ಚಾಲೂ ಇರುತ್ತದೆ. ಬಿಳಿಕಣಗಳ ಸಂಖ್ಯೆ ವಿಪರೀತ ಏರುವುದು, ಗುಣವಾದ ಮೇಲೂ ಬೇಗ ಮರುಕಳಿಸುವುದು ಇದರ ಲಕ್ಷಣ. ನಾಲ್ವರಲ್ಲಿ ಒಬ್ಬರಿಗೆ ಈ ದೋಷವಿರುತ್ತದೆ. ಈ ಹೆಚ್ಚುವರಿ ತುಂಡು ಕೆಲವರಲ್ಲಿ ಹತ್ತಾರು ಅಕ್ಷರ, ಕೆಲವರಲ್ಲಿ ನೂರಾರು. ಡಿಎನ್‌ಎಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಓದುವ ಹೊಸ ಯಂತ್ರಗಳು ಉದ್ದನೆಯ ಸೇರ್ಪಡೆಯನ್ನು ತಪ್ಪಿಸಿಬಿಡಬಹುದು. ಆದ್ದರಿಂದ ತುಂಡಿನ ಉದ್ದವನ್ನಷ್ಟೇ ಅಳೆಯುವ ಹಳೆಯ, ಅಗ್ಗದ, ಎರಡು ಮೂರು ದಿನದಲ್ಲಿ ಉತ್ತರ ಕೊಡುವ ಪರೀಕ್ಷೆಯನ್ನು ಬೇರೆಯಾಗಿ ಮಾಡಿಸುತ್ತಾರೆ. ನೂರಾರು ಜೀನ್‌ಗಳನ್ನು ಒಟ್ಟಿಗೆ ಓದುವ ಪ್ಯಾನೆಲ್ ಪರೀಕ್ಷೆ ಮಾಡಿಸಿದ್ದೇವೆ ಎಂದು ಇದನ್ನು ಕೈಬಿಡಬಾರದು.

ಡಿಎನ್‌ಎಂಟಿ3ಎ ಸಾಲು ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಎಡೆಯಾಗುವಂಥದ್ದು. ಚಿಕಿತ್ಸೆ ಮುಗಿದು ಎನ್‌ಪಿಎಂ1 ಮಾಯವಾಗಿ, ಎಫ್‌ಎಲ್‌ಟಿ3 ಮಾಯವಾಗಿ, ಡಿಎನ್‌ಎಂಟಿ3ಎ ಮಾತ್ರ ಶೇ 30ರಲ್ಲಿ ಹಾಗೆಯೇ ಉಳಿಯಬಹುದು. ಮನೆಯವರು ಕುಸಿದುಹೋಗುತ್ತಾರೆ. ಆದರೆ ಈ ದೋಷ ಲ್ಯುಕೇಮಿಯಾಕ್ಕಿಂತ ಎಷ್ಟೋ ವರ್ಷ ಮೊದಲೇ ಮಜ್ಜೆಯ ಒಂದು ಮೂಲಕಣದಲ್ಲಿ ಹುಟ್ಟಿರುತ್ತದೆ. 70 ದಾಟಿದ ಆರೋಗ್ಯವಂತರಲ್ಲೂ ಹತ್ತರಲ್ಲಿ ಒಬ್ಬರ ರಕ್ತದಲ್ಲಿ ಈ ಜಾತಿಯ ಬದಲಾವಣೆ ಸಿಗುತ್ತದೆ ಎಂದು 2014ರ ಅಧ್ಯಯನಗಳು ತೋರಿಸಿದವು. ಇಂತಹ ಹಳೆಯ ಮೂಲಕಣದ ಸಂತತಿಗಳಲ್ಲೊಂದು ಎನ್‌ಪಿಎಂ1 ಪಡೆದು, ಅದರ ಸಂತತಿ ಎಫ್‌ಎಲ್‌ಟಿ3 ಪಡೆದು ಕ್ಯಾನ್ಸರ್ ಆಗಿರುತ್ತದೆ. ಕೀಮೋ ಕೊನೆಯ ಎರಡು ತಲೆಮಾರನ್ನು ಕೊಂದು ಮೊದಲನೆಯದನ್ನು ಉಳಿಸಿದೆ, ಅಷ್ಟೇ. ಡಿಎನ್‌ಎಂಟಿ3ಎ, ಟಿಇಟಿ2 ಮತ್ತು ಎಎಸ್‌ಎಕ್ಸ್‌ಎಲ್1 ಎಂಬ ಮೂರು ಜೀನ್‌ಗಳು ಉಳಿದುಕೊಂಡರೆ ಅದನ್ನು ‘ಉಳಿದ ಕಾಯಿಲೆ’ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಸಮಯದ ಪ್ರಶ್ನೆ. ಎಎಂಎಲ್ ಎಂದರೆ ಆ ರಾತ್ರಿಯೇ ಕೀಮೋ ಶುರುವಾಗಬೇಕು ಎಂಬುದು ವೈದ್ಯರಲ್ಲೇ ಬಹುಕಾಲ ಇದ್ದ ನಂಬಿಕೆ. 2020ರಲ್ಲಿ ಜರ್ಮನಿಯ ದಾಖಲೆಗಳಿಂದ 2,263 ರೋಗಿಗಳ ಲೆಕ್ಕ ತೆಗೆದಾಗ, ಐದು ದಿನದೊಳಗೆ ಚಿಕಿತ್ಸೆ ಶುರುವಾದವರಿಗೂ ಹದಿನೈದು ದಿನ ದಾಟಿದವರಿಗೂ ಎರಡು ವರ್ಷ ಬದುಕುವ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ: ಶೇ 51 ಮತ್ತು ಶೇ 50. ಅದೇ ವರ್ಷ ಅಮೆರಿಕದ ‘ಬೀಟ್ ಎಎಂಎಲ್’ ಅಧ್ಯಯನ, 60 ದಾಟಿದ 395 ರೋಗಿಗಳಲ್ಲಿ ಶೇ 94.7 ಮಂದಿಗೆ ಏಳು ದಿನದೊಳಗೆ ಜೀನ್ ವರದಿ ಕೊಟ್ಟು ಅದರಂತೆ ಚಿಕಿತ್ಸೆಯ ಗುಂಪು ಹಂಚಬಹುದೆಂದು ತೋರಿಸಿತು. ಹಾಗೆ ಹಂಚಿದ ಪ್ರಯೋಗಗಳಿಗೆ ಸೇರಿದವರು ಮಧ್ಯಕ ಲೆಕ್ಕದಲ್ಲಿ (ಅರ್ಧ ಮಂದಿ ಅದಕ್ಕಿಂತ ಹೆಚ್ಚು, ಅರ್ಧ ಮಂದಿ ಕಡಿಮೆ) 12.8 ತಿಂಗಳು ಬದುಕಿದರು. ಎಂದಿನ ಚಿಕಿತ್ಸೆಯನ್ನೇ ಆರಿಸಿಕೊಂಡವರು 3.9 ತಿಂಗಳು. ಬದುಕಿದ ತಿಂಗಳುಗಳ ಈ ಹೋಲಿಕೆಯನ್ನು ಎತ್ತಿ ಕುಣಿಯುವಂತಿಲ್ಲ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ, ರೋಗಿಗಳೇ ಆರಿಸಿಕೊಂಡಿದ್ದರು. ವಾರದೊಳಗೆ ವರದಿ ತರಿಸುವುದು ಸಾಧ್ಯ, ಸ್ಥಿರವಾಗಿರುವ ರೋಗಿ ಅಷ್ಟು ದಿನ ಕಾಯಬಹುದು ಎಂಬುದೇ ಅದರ ಗಟ್ಟಿ ಫಲಿತಾಂಶ.

ಎಲ್ಲರೂ ಕಾಯುವಂತಿಲ್ಲ. ಬಿಳಿಕಣ ಲಕ್ಷ ದಾಟಿ ಉಸಿರಾಟ ಕಷ್ಟವಾಗುತ್ತಿದ್ದರೆ ಅಂದೇ ಬಿಳಿಕಣ ಇಳಿಸುವ ಹೈಡ್ರಾಕ್ಸಿಯೂರಿಯಾ ಔಷಧವೋ ಕೀಮೋವೋ ಶುರುವಾಗಬೇಕು. ಹಳೆಯ ವಿಂಗಡಣೆಯ ಎಂ3, ಅಂದರೆ ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ (ಎಪಿಎಲ್), ಇನ್ನೊಂದು ತುರ್ತು. ಇಲ್ಲಿ 15 ಮತ್ತು 17ನೇ ಕ್ರೋಮೋಸೋಮ್‌ಗಳು ಬೆಸೆದುಕೊಂಡು ಪಿಎಂಎಲ್-ಆರ್‌ಎಆರ್‌ಎ ಎಂಬ ಜೋಡಿ ಜೀನ್ ಹುಟ್ಟುತ್ತದೆ. ರೋಗಿ ಮೊದಲ ದಿನಗಳಲ್ಲೇ ಮೆದುಳಿನ ರಕ್ತಸ್ರಾವದಿಂದ ಸಾಯಬಹುದು. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯನ್ನು ನೋಡಿ ಅನುಮಾನ ಬಂದ ಕ್ಷಣವೇ, ವರದಿಗೆ ಕಾಯದೆ, ಅಟ್ರಾ ಎಂಬ ವಿಟಮಿನ್-ಎ ಜಾತಿಯ ಮಾತ್ರೆ ಕೊಡಬೇಕು. ಶಾಂಘೈಯಲ್ಲಿ ವಾಂಗ್ ಝೆನ್‌ಯಿ 1980ರ ದಶಕದಲ್ಲಿ ಬಳಕೆಗೆ ತಂದ ಅಟ್ರಾ, ಅದೇ ದೇಶದ ಹಾರ್ಬಿನ್‌ನಲ್ಲಿ ಬೆಳಕಿಗೆ ಬಂದ ಆರ್ಸೆನಿಕ್, ಎರಡೂ ಆ ಜೋಡಿ ಪ್ರೋಟೀನನ್ನೇ ಕೆಡವುತ್ತವೆ. 2013ರ ಯುರೋಪಿನ ಅಧ್ಯಯನದಲ್ಲಿ ಅತಿ ಅಪಾಯದವರಲ್ಲದ ಎಪಿಎಲ್ ರೋಗಿಗಳಿಗೆ ಕೀಮೋ ಇಲ್ಲದೆ ಇವೆರಡನ್ನೇ ಕೊಟ್ಟಾಗ ಎರಡು ವರ್ಷದ ನಂತರ ಶೇ 99 ಮಂದಿ ಬದುಕಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಇನ್ನೂ ಮೊದಲೇ, 1998ರಿಂದ, ಬಡ ರೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆರ್ಸೆನಿಕ್ ಒಂದನ್ನೇ ಕೊಟ್ಟು ನೋಡಿತು. 72 ರೋಗಿಗಳಲ್ಲಿ ಸುಮಾರು ಶೇ 86 ಮಂದಿಯಲ್ಲಿ ಕಾಯಿಲೆ ಹಿಮ್ಮೆಟ್ಟಿತು. ಎಲುಬಿನ ಸೂಜಿಗೆ ಮುನ್ನವೇ ಸಾಯಬಹುದಾಗಿದ್ದ ಕಾಯಿಲೆ, ಎಎಂಎಲ್‌ಗಳಲ್ಲೇ ಅತಿ ಹೆಚ್ಚು ಗುಣವಾಗುವಂಥದ್ದಾಯಿತು.

ನಮ್ಮ ವರದಿಯ ರೋಗಿಗೆ ಎಪಿಎಲ್ ಇಲ್ಲ. ಅವರಿಗೆ 45 ವರ್ಷ, ಗಟ್ಟಿಮುಟ್ಟಾಗಿದ್ದಾರೆ ಎಂದಿಟ್ಟುಕೊಳ್ಳೋಣ. 7+3 ಶುರುವಾಗುತ್ತದೆ. ಎಫ್‌ಎಲ್‌ಟಿ3ಯನ್ನು ತಡೆಯುವ ಮಿಡೊಸ್ಟಾರಿನ್ ಎಂಬ ಮಾತ್ರೆಯನ್ನು ಸೇರಿಸುವುದು ಎಂಟನೇ ದಿನದಿಂದ. ಆದ್ದರಿಂದಲೇ ಎಫ್‌ಎಲ್‌ಟಿ3 ಫಲಿತಾಂಶ ವಾರದೊಳಗೆ ಕೈಯಲ್ಲಿರಬೇಕು. ಮೂರು ವಾರಕ್ಕೆ ಬರುವ ಸುಂದರವಾದ ಬಣ್ಣದ ವರದಿಯಿಂದ ಆ ಸುತ್ತಿಗೆ ಉಪಯೋಗವಿಲ್ಲ. 717 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ನಾಲ್ಕು ವರ್ಷ ಬದುಕಿದವರು ಮಿಡೊಸ್ಟಾರಿನ್ ಸೇರಿಸಿದಾಗ ಶೇ 51.4, ಸೇರಿಸದಿದ್ದಾಗ ಶೇ 44.3. ನೂರಕ್ಕೆ ಏಳು ಜೀವ. ದೊಡ್ಡದೇ, ಆದರೆ ಸಿಎಂಎಲ್‌ನ ಇಮ್ಯಾಟಿನಿಬ್ ಮಾಡಿದಂಥ ಕ್ರಾಂತಿಯಲ್ಲ. ಕಾರಣ ಸರಳ: ಎಫ್‌ಎಲ್‌ಟಿ3 ಈ ಮರದ ಬೇರಲ್ಲ, ತಡವಾಗಿ ಚಿಗುರಿದ ಕೊಂಬೆ.

ಎರಡನೇ ಸುತ್ತು ಮುಗಿದಾಗ ವರದಿಯ ನಿಜವಾದ ಬೆಲೆ ಗೊತ್ತಾಗುತ್ತದೆ. ಮಜ್ಜೆಯ ಕಸಿ ಮಾಡಿಸಬೇಕೇ? ಕಸಿ ಕ್ಯಾನ್ಸರನ್ನು ತಡೆಯುವುದರಲ್ಲಿ ಬಲಶಾಲಿ. ಆದರೆ ಅದರಿಂದಲೇ ಸಾಯುವವರಿದ್ದಾರೆ, ವರ್ಷಗಟ್ಟಲೆ ಚರ್ಮ, ಕರುಳು, ಕಣ್ಣಿನ ತೊಂದರೆಯಲ್ಲಿ ನರಳುವವರಿದ್ದಾರೆ. ಯುರೋಪಿನ ತಜ್ಞರ ಒಕ್ಕೂಟವಾದ ಇಎಲ್‌ಎನ್ 2022ರಲ್ಲಿ ಹೊರತಂದ ಪಟ್ಟಿಯ ಪ್ರಕಾರ ಎಫ್‌ಎಲ್‌ಟಿ3-ಐಟಿಡಿ ಇದ್ದವರು ಮಧ್ಯಮ ಅಪಾಯದವರು, ಎನ್‌ಪಿಎಂ1 ಜೊತೆಗಿದ್ದರೂ ಸರಿ. ಪಟ್ಟಿಯನ್ನಷ್ಟೇ ನೋಡಿದರೆ ಈ ರೋಗಿ ಕಸಿಗೆ ಹೋಗಬೇಕು. ಆದರೆ 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ವಿಶ್ಲೇಷಣೆ ಎನ್‌ಪಿಎಂ1 ರೋಗಿಗಳನ್ನು ಪಿಸಿಆರ್ ಫಲಿತಾಂಶದಂತೆ ಎರಡು ಮಾಡಿತು. ಎರಡನೇ ಸುತ್ತಿನ ನಂತರವೂ ರಕ್ತದಲ್ಲಿ ಗುರುತು ಇದ್ದವರಲ್ಲಿ ಮೂರು ವರ್ಷ ಬದುಕಿದವರು ಕಸಿ ಆದಾಗ ಶೇ 61, ಆಗದಿದ್ದಾಗ ಶೇ 24. ಗುರುತು ಇಲ್ಲದವರಲ್ಲಿ ಕಸಿ ಆದವರು ಶೇ 79, ಆಗದವರು ಶೇ 82. ಎಫ್‌ಎಲ್‌ಟಿ3-ಐಟಿಡಿ ಇದ್ದವರಲ್ಲೂ ಇದೇ ಒಲವು ಕಂಡಿತು. ಮೊದಲ ದಿನದ ಪಟ್ಟಿ ಹೇಳಿದ್ದನ್ನು ಎರಡು ತಿಂಗಳ ನಂತರದ ನಾಲ್ಕು ಅಕ್ಷರಗಳ ಹುಡುಕಾಟ ತಿದ್ದಬಲ್ಲದು. ಒಬ್ಬರಿಗೆ ಕಸಿ ತಪ್ಪಿಸುವುದು ಹೊಸ ಮಾತ್ರೆ ಕೊಟ್ಟಷ್ಟೇ ದೊಡ್ಡ ಚಿಕಿತ್ಸೆ. ಅದು ಸುದ್ದಿಯಾಗುವುದಿಲ್ಲ ಎಂಬುದು ಬೇರೆ ಮಾತು.

ಇದೇ ವರದಿ 76 ವರ್ಷದವರದಾಗಿದ್ದರೆ? ಆಗ 7+3 ಹೆಚ್ಚಿನವರಿಗೆ ಆಗುವುದಿಲ್ಲ. ಅಜಾಸಿಟಿಡಿನ್ ಚುಚ್ಚುಮದ್ದು ಮತ್ತು ವೆನೆಟೊಕ್ಲಾಕ್ಸ್ ಮಾತ್ರೆಯ ಜೋಡಿ ಇಂದಿನ ರೂಢಿ. ಈ ಜೋಡಿ ಮಧ್ಯಕ ಬದುಕನ್ನು 9.6 ತಿಂಗಳಿನಿಂದ 14.7 ತಿಂಗಳಿಗೆ ಏರಿಸಿತು. ಆದರೆ 14.7 ಎಂಬ ಅಂಕಿಯೊಳಗೆ ಮೂರು ಬೇರೆ ಬೇರೆ ಕಥೆಗಳಿವೆ. ಅದೇ ಪ್ರಯೋಗದ ರೋಗಿಗಳನ್ನು ಜೀನ್ ಪ್ರಕಾರ ವಿಂಗಡಿಸಿದಾಗ, ಟಿಪಿ53 ಎಂಬ ಜೀನ್ ಕೆಟ್ಟವರು ಮಧ್ಯಕವಾಗಿ ಸುಮಾರು ಐದೂವರೆ ತಿಂಗಳು, ಎಫ್‌ಎಲ್‌ಟಿ3-ಐಟಿಡಿ ಅಥವಾ ಆರ್‌ಎಎಸ್ ಜೀನ್‌ಗಳು ಕೆಟ್ಟವರು ಸುಮಾರು 12 ತಿಂಗಳು, ಉಳಿದವರು 26 ತಿಂಗಳಿಗೂ ಹೆಚ್ಚು ಬದುಕಿದ್ದರು. ತೀವ್ರ ಕೀಮೋಗೆಂದು ಮಾಡಿದ ಅಪಾಯದ ಪಟ್ಟಿ ಈ ಚಿಕಿತ್ಸೆಗೆ ಹೊಂದುವುದಿಲ್ಲವೆಂದು ಇಎಲ್‌ಎನ್ 2024ರಲ್ಲಿ ಬೇರೆಯೇ ಪಟ್ಟಿ ಮಾಡಿತು. ಅಂದರೆ ಒಂದು ಮ್ಯುಟೇಶನ್ ‘ಒಳ್ಳೆಯದು’ ಅಥವಾ ‘ಕೆಟ್ಟದ್ದು’ ಎಂಬುದು ಅದರ ಹುಟ್ಟುಗುಣವಲ್ಲ, ಕೊಡುತ್ತಿರುವ ಚಿಕಿತ್ಸೆಯ ಮೇಲೆ ನಿಂತಿದೆ. ಟಿಪಿ53ರ ಅಂಕಿ ಕಠಿಣವಾದದ್ದು. ತಿಂಗಳುಗಳನ್ನು ಆಸ್ಪತ್ರೆಯಲ್ಲಿ ಕಳೆಯಬೇಕೇ ಮನೆಯಲ್ಲೇ ಎಂದು ನಿರ್ಧರಿಸಬೇಕಾದ ಕುಟುಂಬದಿಂದ ಅದನ್ನು ಮುಚ್ಚಿಡುವುದು ದಯೆ ಎಂದು ನನಗನ್ನಿಸುವುದಿಲ್ಲ.

ಐಡಿಎಚ್1 ಅಥವಾ ಐಡಿಎಚ್2 ಎಂಬ ಜೀನ್ ಕೆಟ್ಟಿದ್ದರೆ ಔಷಧ-ಜೀನ್ ಜೋಡಿ ಚೆನ್ನಾಗಿಯೇ ಕೂಡುತ್ತದೆ. ಕೆಟ್ಟ ಕಿಣ್ವ ತಯಾರಿಸುವ ಒಂದು ರಾಸಾಯನಿಕ ಕಣವನ್ನು ಬಲಿಯದಂತೆ ತಡೆದಿರುತ್ತದೆ. ಮಾತ್ರೆ ಆ ತಡೆ ತೆಗೆಯುತ್ತದೆ. ಐಡಿಎಚ್1 ದೋಷಕ್ಕೆ ಅಜಾಸಿಟಿಡಿನ್ ಜೊತೆ ಐವೊಸಿಡೆನಿಬ್ ಕೊಟ್ಟಾಗ ಮಧ್ಯಕ ಬದುಕು 7.9 ತಿಂಗಳಿನಿಂದ 24 ತಿಂಗಳಿಗೆ ಏರಿತು. ಒಂದು ಎಚ್ಚರಿಕೆ ಮಾತ್ರ ರೋಗಿಗೆ ಗೊತ್ತಿರಬೇಕು. ಈ ಮಾತ್ರೆಗಳು ಕಣಗಳನ್ನು ಕೊಲ್ಲುವ ಬದಲು ಬಲಿಸುವುದರಿಂದ ಕೆಲವರಲ್ಲಿ ಬಿಳಿಕಣ ಏಕಾಏಕಿ ಏರಿ ಜ್ವರ, ಊತ, ಉಸಿರಾಟದ ತೊಂದರೆ ಬರುತ್ತದೆ. ಊರಿನ ಆಸ್ಪತ್ರೆಯಲ್ಲಿ ಅದನ್ನು ನ್ಯುಮೋನಿಯಾ ಎಂದುಕೊಳ್ಳುವುದು ಸುಲಭ; ಬೇಕಾದದ್ದು ತಡಮಾಡದೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಅಟ್ರಾಗೂ ಇದೇ ಎಚ್ಚರಿಕೆ ಅನ್ವಯ.

ಶೇ 50ರ ಅನುಮಾನಕ್ಕೆ ಬರುವುದಾಗಿ ಹೇಳಿದ್ದೆ. ಒಂದು ಬದಲಾವಣೆ ಸರಿಸುಮಾರು ಶೇ 50ರಲ್ಲಿದ್ದು, ಕಾಯಿಲೆ ಹಿಮ್ಮೆಟ್ಟಿದ ಮೇಲೂ ಅಲ್ಲಿಂದ ಕದಲದಿದ್ದರೆ ಅದು ಹುಟ್ಟಿನಿಂದಲೇ ಮೈಯ ಪ್ರತಿ ಕಣದಲ್ಲೂ ಇರಬಹುದು. ಡಿಡಿಎಕ್ಸ್41 ಎಂಬ ಜೀನಿನಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಇಂಥವರಿಗೆ ಎಎಂಎಲ್ ಬರುವುದು ಬಹಳಷ್ಟು ಬಾರಿ 60 ದಾಟಿದ ಮೇಲೆ. ಹಾಗಾಗಿ ವಂಶದ ಮಾತು ಯಾರಿಗೂ ಹೊಳೆಯುವುದಿಲ್ಲ. ಮಜ್ಜೆ ಕೊಡಲು ಮುಂದೆ ಬಂದ ತಮ್ಮನಲ್ಲೂ ಅದೇ ದೋಷವಿರುವ ಸಾಧ್ಯತೆ ಅರ್ಧಕ್ಕರ್ಧ. ಕಸಿಯ ಮೂಲಕ ಅದೇ ದೋಷ ರೋಗಿಯ ಮೈಗೆ ಮರಳಬಹುದು. ಕಸಿಗೆ ಮುನ್ನ ರೋಗಿಯ ಚರ್ಮದ ಸಣ್ಣ ಚೂರನ್ನು ಬೆಳೆಸಿ ಪರೀಕ್ಷಿಸುತ್ತಾರೆ. ರಕ್ತ, ಜೊಲ್ಲು ಎರಡರಲ್ಲೂ ಕ್ಯಾನ್ಸರ್ ಕಣ ಬೆರೆತಿರುವುದರಿಂದ ಅವು ಇಲ್ಲಿ ನಂಬಿಕೆಗೆ ಯೋಗ್ಯವಲ್ಲ.

ನಮ್ಮಲ್ಲಿ ಇದೆಲ್ಲ ಎಷ್ಟು ಕೈಗೆಟಕುತ್ತದೆ? ಪರೀಕ್ಷೆಯ ಮಟ್ಟಿಗೆ ತೊಂದರೆ ಕಡಿಮೆ. ಬೆಂಗಳೂರಿನಲ್ಲೇ ಸ್ಟ್ರಾಂಡ್, ಮೆಡ್‌ಜೀನೋಮ್‌ನಂತಹ ಸಂಸ್ಥೆಗಳು ಡಿಎನ್‌ಎ ಓದುವ ಕೆಲಸ ಮಾಡುತ್ತಿವೆ. ತೊಡಕಿರುವುದು ಯಾವ ಪರೀಕ್ಷೆ ಎಂಬುದರಲ್ಲಿ. ದುಬಾರಿ ಪ್ಯಾನೆಲ್‌ನಲ್ಲಿ ನೂರಾರು ಜೀನ್ ಓದಿದರೆ ‘ಅರ್ಥ ಅನಿಶ್ಚಿತ’ ಎಂಬ ಸಾಲುಗಳೇ ಪುಟ ತುಂಬುತ್ತವೆ. ಅವುಗಳ ಮೇಲೆ ಯಾವ ಚಿಕಿತ್ಸೆಯನ್ನೂ ನಿರ್ಧರಿಸುವಂತಿಲ್ಲ. ಕೈಯಲ್ಲಿ ಹಣ ಕಡಿಮೆ ಇದ್ದರೆ ಕ್ರೋಮೋಸೋಮ್ ಪರೀಕ್ಷೆ, ಎಫ್‌ಎಲ್‌ಟಿ3, ಎನ್‌ಪಿಎಂ1 ಇವನ್ನು ಬೇಗ ಮಾಡಿಸಿ, ಉಳಿದ ಹಣವನ್ನು ಎರಡನೇ ಸುತ್ತಿನ ನಂತರದ ಪಿಸಿಆರ್‌ಗೆ ಎತ್ತಿಡುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಜಾಣತನ.

ಔಷಧದ ಮಾತು ಬೇರೆ. ಹೊಸ ಮಾತ್ರೆಗಳ ಬೆಲೆ ಸಾಮಾನ್ಯ ಕುಟುಂಬದ ಅಳವಿಗೆ ಮೀರಿದ್ದು. ಆದರೆ ಸೊರಾಫೆನಿಬ್ ಎಂಬ ಹಳೆಯ ಮಾತ್ರೆಯೊಂದಿದೆ. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರ್‌ಗೆಂದು ಬಂದದ್ದು, ಎಫ್‌ಎಲ್‌ಟಿ3ಯನ್ನೂ ತಡೆಯುತ್ತದೆ. 2012ರ ಮಾರ್ಚ್‌ನಲ್ಲಿ ಭಾರತ ಸರ್ಕಾರದ ಪೇಟೆಂಟ್ ನಿಯಂತ್ರಕರು ದೇಶದ ಮೊದಲ ಕಡ್ಡಾಯ ಪರವಾನಗಿಯನ್ನು (ಪೇಟೆಂಟ್ ಒಡೆಯರ ಒಪ್ಪಿಗೆಯಿಲ್ಲದೆಯೂ ಔಷಧ ತಯಾರಿಸಲು ಬಿಡುವ ಅನುಮತಿ) ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕೊಟ್ಟದ್ದು ಇದೇ ಔಷಧಕ್ಕೆ, ತಿಂಗಳಿಗೆ 2.8 ಲಕ್ಷ ರೂಪಾಯಿ ಇದ್ದದ್ದು 8,880 ರೂಪಾಯಿಗೆ ಇಳಿಯಿತು. ಅಂದು ನಡೆದ ವಾದ ಮೂತ್ರಪಿಂಡ, ಯಕೃತ್ತಿನ ರೋಗಿಗಳ ಹೆಸರಿನಲ್ಲಿ. 2020ರಲ್ಲಿ ಜರ್ಮನಿಯ ಪ್ರಯೋಗವೊಂದು, ಎಫ್‌ಎಲ್‌ಟಿ3-ಐಟಿಡಿ ಇದ್ದು ಕಸಿ ಆದವರಿಗೆ ಸೊರಾಫೆನಿಬ್ ಮುಂದುವರಿಸಿದಾಗ ಎರಡು ವರ್ಷ ಕಾಯಿಲೆ ಮರುಕಳಿಸದೆ ಬದುಕಿದವರು ಶೇ 85 ಎಂದಿತು. ಖಾಲಿ ಮಾತ್ರೆ ಪಡೆದವರಲ್ಲಿ ಶೇ 53.3.

ಕಾಯಿಲೆ ಮರುಕಳಿಸಿದರೆ ಹಳೆಯ ವರದಿಯ ಮೇಲೆ ಚಿಕಿತ್ಸೆ ಬರೆಯಬಾರದು. ಮೊದಲು ಇದ್ದ ಎಫ್‌ಎಲ್‌ಟಿ3 ಮಾಯವಾಗಿರಬಹುದು, ಇಲ್ಲದಿದ್ದದ್ದು ಹುಟ್ಟಿರಬಹುದು. ಈ ಹಂತದಲ್ಲಿ ಎಫ್‌ಎಲ್‌ಟಿ3 ಇರುವವರಿಗೆ ಗಿಲ್ಟೆರಿಟಿನಿಬ್ ಮಾತ್ರೆ ಮತ್ತೊಂದು ಸುತ್ತಿನ ಕೀಮೋಗಿಂತ ಮೇಲು: ಮಧ್ಯಕ ಬದುಕು ಮಾತ್ರೆಯಲ್ಲಿ 9.3 ತಿಂಗಳು, ಕೀಮೋದಲ್ಲಿ 5.6 ತಿಂಗಳು. ಅದನ್ನು ಕೊಟ್ಟಾಗ ಆರ್‌ಎಎಸ್ ದೋಷವಿರುವ ಸಣ್ಣ ಗುಂಪು ಮಾತ್ರೆಯನ್ನು ತಪ್ಪಿಸಿಕೊಂಡು ಬೆಳೆಯುವುದೂ ಉಂಟು. ಹೊಸ ಸೂಜಿ, ಮತ್ತೆ ಮೊದಲ ಎಳೆತದ ಮಜ್ಜೆ, ಮತ್ತೆ ನೇರಳೆ ಮುಚ್ಚಳದ ನಳಿಕೆ. ಎಫ್‌ಎಲ್‌ಟಿ3 ಉತ್ತರ ಮೂರು ದಿನದಲ್ಲಿ ಬೇಕೆಂದು ಚೀಟಿಯ ಮೇಲೆ ಬರೆಸುವುದನ್ನು ಮರೆಯಬಾರದು.